ಕಾರಿನ ಬೆನ್ನ ಹಿಂದೆ ಮರದ ಮನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹೆದ್ದಾರಿಗಳಲ್ಲಿ ಸಂಚರಿಸುವವರ ಕಣ್ಣಿಗೆ ಒಮ್ಮೊಮ್ಮೆ ಒಂದು ವಿಚಿತ್ರ ವಾಹನ ಬೀಳುವುದುಂಟು. ಮುಂದೆ ಸಾಧಾರಣವಾದ ಒಂದು ಕಾರು. ಅದರ ಬೆನ್ನಿಗೇ ಎರಡು ಗಾಲಿಗಳ ಮೇಲೆ ಉರುಳಿ ಬರುವ ಮರದ ಪೆಟ್ಟಿಗೆಯೊಂದು. ಪೆಟ್ಟಿಗೆಯೆಂದರೆ ಚೌಕಾಕಾರದ್ದಲ್ಲ. ಮುಂಭಾಗ ಗುಂಡಗೆ ಉಬ್ಬಿ, ಹಿಂದೆ ಹಿಂದೆ ಹೋದಂತೆ ಇಳಿಜಾರಾಗಿ ನೆಲದತ್ತ ಬಾಗುವ ಆಕಾರ. ಕಣ್ಣೀರಿನ ಹನಿಯೊಂದನ್ನು ಅಡ್ಡಲಾಗಿ ಮಲಗಿಸಿದರೆ ಹೇಗಿರಬಹುದೋ ಹಾಗೆ. ಹೆಸರೂ ಅದೇ: ಟಿಯರ್‌ಡ್ರಾಪ್ ಟ್ರೇಲರ್. ಅದರೊಳಗೆ ನಿಲ್ಲಲು ಬಾರದು. ಹಾಸಿಗೆಯ ಮೇಲೆ ಕುಳಿತರೆ ತಲೆಗೂ ಚಾವಣಿಗೂ ನಾಲ್ಕು ಬೆರಳಿನ ಅಂತರ. ಇಬ್ಬರು ಮಲಗಬಹುದು, ಅಷ್ಟೆ. ಅಡಿಗೆಮನೆ ಇರುವುದು ಹೊರಗೆ, ಗಾಡಿಯ ಹಿಂಬದಿಯಲ್ಲಿ: ಇಳಿಜಾರಾದ ಹಿಂಬಾಗಿಲನ್ನು ಮೇಲಕ್ಕೆತ್ತಿದೊಡನೆ ಒಲೆ, ಬಟ್ಟಲು, ನೀರಿನ ಡಬ್ಬ, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲವೂ ಕಾಣುವುವು, ಎತ್ತಿದ ಬಾಗಿಲೇ ಅಡಿಗೆ ಮಾಡುವವರ ತಲೆಗೆ ಸೂರು.

ಇಂತಹ ಗಾಡಿಗಳನ್ನು ತಯಾರಿಸಿ ಮಾರುವ ಕಾರ್ಖಾನೆಗಳಿಲ್ಲದಿಲ್ಲ. ಆದರೂ ಇದರ ತವರುಮನೆ ಕಾರ್ಖಾನೆಯಲ್ಲ, ಗೃಹಸ್ಥರ ಗ್ಯಾರೇಜು. ಹಗಲೆಲ್ಲ ಕಚೇರಿಯಲ್ಲಿಯೋ ಪಾಠಶಾಲೆಯಲ್ಲಿಯೋ ದುಡಿದು ಬಂದವರು ಸಂಜೆ ತೋಳು ಮಡಿಸಿ ಗರಗಸ ಹಿಡಿದು, ತಿಂಗಳುಗಟ್ಟಲೆ ಕೂಡಿಸಿ, ಕೊನೆಗೊಂದು ದಿನ ತಮ್ಮ ಕೈಯಾರೆ ಕಟ್ಟಿದ ಮನೆಯನ್ನು ಕಾರಿಗೆ ಕಟ್ಟಿ ಹೊರಡುತ್ತಾರೆ. ನೆರೆಹೊರೆಯವರು ಮೊದಲು ನಗುವುದೂ, ಆಮೇಲೆ ಬಂದು ಒಳಗೆ ಇಣುಕಿ ನೋಡುವುದೂ ಈ ಕಥೆಯ ತಪ್ಪದ ಅಂಗಗಳು.

ಈ ಹವ್ಯಾಸ ಹುಟ್ಟಿದ್ದು 1930ರ ದಶಕದಲ್ಲಿ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಲಕ್ಷಾಂತರ ಅಮೆರಿಕನ್ನರ ಮನೆಯ ಮುಂದೆ ಕಾರು ನಿಂತಿತ್ತು. ದೂರದೂರಕ್ಕೆ ರಸ್ತೆಗಳೂ ಆಗಿದ್ದುವು. ದಾರಿಯಲ್ಲಿ ಹೊಟೇಲಿಗೆ ತೆರಲು ಮಾತ್ರ ಹಣವಿರಲಿಲ್ಲ. ಡೇರೆಯಲ್ಲಿ ಮಲಗಿದರೆ ಮಳೆ. ಕಾರಿನಲ್ಲಿ ಮಲಗಿದರೆ ಬೆನ್ನುನೋವು. ದೊಡ್ಡ ಟ್ರೇಲರನ್ನು ಎಳೆಯುವ ಶಕ್ತಿ ಅಂದಿನ ಸಾಮಾನ್ಯ ಕಾರುಗಳಿಗಿರಲಿಲ್ಲ. ಆದುದರಿಂದ ಚಿಕ್ಕದಾಗಿ, ತಗ್ಗಾಗಿ, ಹಗುರವಾಗಿ ಕಟ್ಟಿದ ಹಾಸಿಗೆಯ ಗೂಡು ಜನರ ಮನಸ್ಸನ್ನು ಸೆಳೆಯಿತು. ಗಾಳಿಯನ್ನು ಸೀಳಿಕೊಂಡು ಹೋಗುವ ನುಣುಪಾದ ಆಕಾರದ ಮೋಹ ಆ ದಿನಗಳಲ್ಲಿ ರೈಲಿನ ಎಂಜಿನ್ನಿನಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲಕ್ಕೂ ಹಬ್ಬಿತ್ತು. ಗೂಡಿಗೂ ಅದೇ ಆಕಾರ ಬಂದಿತು. (ನಿಜವಾಗಿ ಆಕಾಶದಿಂದ ಬೀಳುವ ಹನಿಗೆ ಈ ಆಕಾರವಿಲ್ಲವೇ ಇಲ್ಲ. ಸಣ್ಣ ಹನಿ ಗೋಲಿಯಂತೆ ದುಂಡಗಿರುತ್ತದೆ. ದೊಡ್ಡದರ ಅಡಿ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗಿ ಬನ್ನಿನಂತೆ ಕಾಣುತ್ತದೆ. ಚಿತ್ರಕಾರರು ಬರೆದ ಹನಿಯನ್ನು ಬಡಗಿಗಳು ನಂಬಿದರು.)

1945ರಲ್ಲಿ ಮಹಾಯುದ್ಧ ಮುಗಿಯಿತು. ವಿಮಾನಗಳಿಗಾಗಿ ರಾಶಿರಾಶಿಯಾಗಿ ತಯಾರಾಗುತ್ತಿದ್ದ ಅಲ್ಯೂಮಿನಿಯಂ ತಗಡು ಜನಸಾಮಾನ್ಯರ ಕೈಗೆ ಎಟುಕಿತು. ಯುದ್ಧದಿಂದ ಮರಳಿದ ತರುಣರಿಗೆ ಕೈಕೆಲಸ ಬರುತ್ತಿತ್ತು, ಮದುವೆಯೂ ಆಗುತ್ತಿತ್ತು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ ಇಬ್ಬರು ಮಲಗುವಂತಹ ಒಂದು ಟ್ರೇಲರಿನ ನಕ್ಷೆಯನ್ನು ಪ್ರಕಟಿಸಿತು. ಅದನ್ನು ಮುಂದಿಟ್ಟುಕೊಂಡು ಗಾಡಿ ಕಟ್ಟುವವರು ಇಂದಿಗೂ ಇದ್ದಾರೆ. ಮುಂದೆ ಕಾರುಗಳ ಬಲ ಹೆಚ್ಚಿತು, ರಸ್ತೆಗಳು ಅಗಲವಾದುವು, ಜನ ನಿಂತು ಓಡಾಡುವಷ್ಟು ಎತ್ತರದ, ಸ್ನಾನದ ಮನೆಯಿರುವ ದೊಡ್ಡ ಟ್ರೇಲರುಗಳನ್ನು ಬಯಸಿದರು. 1960ರ ದಶಕದ ಹೊತ್ತಿಗೆ ಹನಿಯಾಕಾರದ ಗೂಡುಗಳು ಕೊಟ್ಟಿಗೆಗಳ ಮೂಲೆ ಸೇರಿ ಗೆದ್ದಲಿಗೂ ಇಲಿಗೂ ಆಹಾರವಾದುವು. 1990ರ ದಶಕದಲ್ಲಿ ಅವುಗಳ ಧೂಳು ಕೊಡವಿ ಮತ್ತೆ ಬೀದಿಗೆ ತಂದವರಿಂದ ಹವ್ಯಾಸ ಮರುಹುಟ್ಟು ಪಡೆಯಿತು.

ಗಾಡಿಯ ಅಳತೆಯನ್ನು ಗೊತ್ತುಮಾಡಿದ್ದು ಯಾವ ಶಿಲ್ಪಶಾಸ್ತ್ರವೂ ಅಲ್ಲ, ಪ್ಲೈವುಡ್ ಹಲಗೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ: ಅಮೆರಿಕದ ಅಂಗಡಿಯಲ್ಲಿ ದೊರೆಯುವ ಹಲಗೆಯ ಅಳತೆ ಇದು; ನಮ್ಮ ಊರುಗಳ ಅಂಗಡಿಯಲ್ಲಿಯೂ ಇದೇ. ಒಂದು ಹಲಗೆ ನೆಲಕ್ಕೆ, ಒಂದೊಂದು ಎರಡು ಪಕ್ಕಗಳಿಗೆ. ಹೀಗೆ ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಗೂಡು ತಾನಾಗಿ ರೂಪುಗೊಂಡಿತು. ಇಬ್ಬರಿಗೆ ನಾಲ್ಕಡಿ ಅಗಲದ ಹಾಸಿಗೆ ನವವಿವಾಹಿತರಿಗೆ ಸಾಕು; ವರುಷಗಳು ಕಳೆದವರು ಐದಡಿ ಅಗಲ, ಹತ್ತಡಿ ಉದ್ದದ ನಕ್ಷೆಯನ್ನು ಆರಿಸಿಕೊಳ್ಳುತ್ತಾರೆ.

ಪಕ್ಕದ ಗೋಡೆಯನ್ನು ಕತ್ತರಿಸುವುದು ಈ ಕೆಲಸದ ಅತ್ಯಂತ ಸಂತೋಷದ ಘಟ್ಟ. ಮುಕ್ಕಾಲು ಅಂಗುಲ ದಪ್ಪದ ಹಲಗೆಯ ಮೇಲೆ ಅಲ್ಲಲ್ಲಿ ಮೊಳೆ ನೆಟ್ಟು, ತೆಳುವಾದ ಮರದ ಪಟ್ಟಿಯೊಂದನ್ನು ಅವುಗಳಿಗೆ ಆನಿಸಿ ಬಾಗಿಸುತ್ತಾರೆ. ಕಣ್ಣಿಗೆ ಹಿತವೆನಿಸುವವರೆಗೆ ಮೊಳೆಗಳನ್ನು ಅತ್ತಿತ್ತ ಸರಿಸಿ, ಪಟ್ಟಿಯ ಗುಂಟ ಸೀಸದಕಡ್ಡಿಯಿಂದ ಗೀಟೆಳೆಯುತ್ತಾರೆ. ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಒಟ್ಟಿಗೇ ಕೊಯ್ಯುವುದು ಜಾಣತನ. ಬೇರೆ ಬೇರೆಯಾಗಿ ಕೊಯ್ದರೆ ಎಡಬಲಗಳು ಅಣ್ಣತಮ್ಮಂದಿರಂತೆ ಹೋಲುವುವೇ ಹೊರತು ಅವಳಿಗಳಂತೆ ಅಲ್ಲ, ಚಾವಣಿ ಹೊದಿಸುವಾಗ ಆ ವ್ಯತ್ಯಾಸ ಸೇಡು ತೀರಿಸಿಕೊಳ್ಳುತ್ತದೆ. ಬಾಗಿಲಿಗಾಗಿ ಕೊಯ್ದು ತೆಗೆದ ತುಂಡೇ ಬಾಗಿಲಾಗುತ್ತದೆ. ನೆಲದ ಮೇಲೆ ಎರಡು ಗೋಡೆಗಳನ್ನೂ ನಿಲ್ಲಿಸಿ, ನಡುವೆ ಅಡ್ಡಪಟ್ಟಿಗಳನ್ನು ಸಾಲಾಗಿ ಕೂಡಿಸಿದ ದಿನ ಅದು ಮೊಟ್ಟಮೊದಲಿಗೆ ಮನೆಯಂತೆ ಕಾಣುತ್ತದೆ. ಮಕ್ಕಳು ಅಂದೇ ಒಳಗೆ ನುಗ್ಗಿ ಮಲಗುತ್ತಾರೆ.

ಚಾವಣಿಗೆ ತೆಳು ಪ್ಲೈವುಡ್ ಬೇಕು. ಅದನ್ನು ಬಗ್ಗಿಸುವುದರಲ್ಲಿ ಒಂದು ಗುಟ್ಟಿದೆ. ಹೊರಪದರದ ಎಳೆಗಳು ಗಾಡಿಯ ಅಗಲಕ್ಕೆ ಅಡ್ಡಲಾಗಿ ಹರಿದಿದ್ದರೆ ಹಲಗೆ ಚಾಪೆಯಂತೆ ಸುಲಭವಾಗಿ ಸುರುಳಿಗೊಳ್ಳುತ್ತದೆ. ಉದ್ದಕ್ಕೆ ಹರಿದಿದ್ದರೆ ಮುನಿದು ನಿಲ್ಲುತ್ತದೆ, ಒತ್ತಾಯಿಸಿದರೆ ಸಿಡಿಯುತ್ತದೆ. ಕೆಲವರು ಒದ್ದೆ ಬಟ್ಟೆ ಹೊದಿಸಿ ಒಂದು ರಾತ್ರಿ ಬಿಟ್ಟು ಆಮೇಲೆ ಬಗ್ಗಿಸುತ್ತಾರೆ. ಒಳಹೊದಿಕೆಗೂ ಹೊರಹೊದಿಕೆಗೂ ನಡುವೆ ಬಿಸಿಲು ಚಳಿಗಳನ್ನು ತಡೆಯುವ ಗಟ್ಟಿ ಫೋಮಿನ ತುಂಡುಗಳನ್ನು ಇಟ್ಟು, ಮೇಲೆ ಅಲ್ಯೂಮಿನಿಯಂ ತಗಡನ್ನೋ ಎಪಾಕ್ಸಿ ಸವರಿದ ಮರವನ್ನೋ ಹೊದಿಸಿದರೆ ಮನೆ ಪೂರ್ತಿಯಾದಂತೆ. ನೋಡುವವರು ಹೊಗಳುವುದೂ ಛಾಯಾಚಿತ್ರ ತೆಗೆಯುವುದೂ ಇದನ್ನೇ.

ಪ್ರಾಣಕ್ಕೆ ಸಂಬಂಧಪಟ್ಟ ವಿಷಯ ಮಾತ್ರ ಛಾಯಾಚಿತ್ರದಲ್ಲಿ ಕಾಣಿಸುವುದಿಲ್ಲ. ಗಾಡಿಯ ಅಡಿಯಲ್ಲಿ ಅಚ್ಚನ್ನು ಎಲ್ಲಿ ಕೂರಿಸಿದೆ ಎಂಬುದು ಆ ವಿಷಯ.

ನಮ್ಮ ಹಳ್ಳಿಯ ಗಾಡಿ ಹೊಡೆಯುವವನಿಗೆ ಇದನ್ನು ಯಾರೂ ಕಲಿಸಬೇಕಾದುದಿಲ್ಲ. ಹುಲ್ಲನ್ನೋ ಮೂಟೆಗಳನ್ನೋ ಹೇರುವಾಗ ಅವನು ಭಾರವನ್ನು ಅಚ್ಚಿನಿಂದ ಕೊಂಚ ಮುಂದಕ್ಕೇ ಇಡುತ್ತಾನೆ. ನೊಗದ ಮೇಲೆ ಒಂದಿಷ್ಟು ಒತ್ತಡ ಇರಲೇಬೇಕು. ಹಿಂಭಾರವಾಯಿತೆಂದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತುಗಳ ಉಸಿರು ಕಟ್ಟಿಸುತ್ತದೆ. ಮುಂಭಾರ ಅತಿಯಾದರೆ ಎತ್ತು ಕುಸಿಯುತ್ತದೆ. ಎತ್ತಾದರೆ ಬಾಯಿಲ್ಲದಿದ್ದರೂ ನಿಂತು ತಿಳಿಸುತ್ತದೆ. ಕಾರು ತಿಳಿಸುವುದಿಲ್ಲ. ನಿಧಾನವಾಗಿ ಹೋಗುವಾಗ ಹಿಂಭಾರದ ಟ್ರೇಲರು ಸಾಧುವಿನಂತೆ ಹಿಂಬಾಲಿಸುತ್ತದೆ. ವೇಗ ಏರಿದ ಮೇಲೆ, ಇಳಿಜಾರಿನಲ್ಲಿಯೋ, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದು ಗಾಳಿಯ ಹೊಡೆತ ಬಿದ್ದಾಗಲೋ, ಬಾಲ ಒಮ್ಮೆ ಎಡಕ್ಕೆ ಹೊಯ್ದಾಡುತ್ತದೆ, ಮರುಕ್ಷಣ ಬಲಕ್ಕೆ, ಮತ್ತೆ ಎಡಕ್ಕೆ, ಮೊದಲಿಗಿಂತ ಜೋರಾಗಿ. ಭಾರದ ಕೇಂದ್ರ ಅಚ್ಚಿಗಿಂತ ಮುಂದಿದ್ದರೆ ಪ್ರತಿ ಓಲಾಟವೂ ತಾನಾಗಿ ತಗ್ಗುವುದು. ಹಿಂದಿದ್ದರೆ ತಾನಾಗಿ ಬೆಳೆಯುವುದು. ಕೊನೆಗೆ ಟ್ರೇಲರೇ ಕಾರನ್ನು ಎಳೆದಾಡಿ ರಸ್ತೆಯಿಂದ ಹೊರಗೆ ಎಸೆಯುತ್ತದೆ. ಇಂತಹ ಹೊತ್ತಿನಲ್ಲಿ ಕಾರಿನ ಬ್ರೇಕನ್ನು ಥಟ್ಟನೆ ಒತ್ತುವುದೂ, ಸ್ಟಿಯರಿಂಗ್ ಚಕ್ರವನ್ನು ಅತ್ತಿತ್ತ ತಿರುಗಿಸಿ ಸರಿಪಡಿಸಲು ಹೋಗುವುದೂ ಅಪಾಯವನ್ನು ಹೆಚ್ಚಿಸುತ್ತವೆ. ಚಕ್ರವನ್ನು ನೆಟ್ಟಗೆ ಹಿಡಿದು, ಕಾಲನ್ನು ಮೆಲ್ಲನೆ ಆಕ್ಸಿಲರೇಟರಿನಿಂದ ತೆಗೆದು, ವೇಗ ಇಳಿಯುವುದನ್ನು ಕಾಯಬೇಕು. ಹೇಳುವುದು ಸುಲಭ.

ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ, ಎಂದರೆ ಕಾರಿಗೆ ಕೊಂಡಿ ಹಾಕುವ ಜಾಗದ ಮೇಲೆ, ಬೀಳಬೇಕೆಂಬುದು ತಿಳಿದವರ ನಿಯಮ. ಇದನ್ನು ಕಟ್ಟುವವರೆಲ್ಲರೂ ಓದಿಯೇ ಇರುತ್ತಾರೆ. ಎಡವುವುದು ಲೆಕ್ಕದಲ್ಲಿ. ಉದಾಹರಣೆಗೆ, ಖಾಲಿ ಗಾಡಿಯ ತೂಕ 400 ಕಿಲೊ, ಕೊಂಡಿಯಿಂದ ಅಚ್ಚಿಗೆ ಹತ್ತು ಅಡಿ, ಮೂಕಿಯ ಮೇಲಿನ ಭಾರ 48 ಕಿಲೊ ಎಂದಿಟ್ಟುಕೊಳ್ಳೋಣ. ನೂರಕ್ಕೆ ಹನ್ನೆರಡಾಯಿತು, ಕಟ್ಟಿದಾತ ಸಂತೋಷದಿಂದ ಕೈ ಒರೆಸಿಕೊಳ್ಳುತ್ತಾನೆ. ಪ್ರಯಾಣದ ದಿನ ಬರುತ್ತದೆ. ಹಿಂಬದಿಯ ಅಡಿಗೆಮನೆಗೆ ಒಲೆ, ಪಾತ್ರೆ, ನೀರು, ಮಂಜುಗಡ್ಡೆ, ಡಬ್ಬದ ಆಹಾರ ಎಲ್ಲವೂ ಸೇರಿ 45 ಕಿಲೊ ತುಂಬುತ್ತಾರೆ. ಅದು ಅಚ್ಚಿನಿಂದ ನಾಲ್ಕಡಿ ಹಿಂದೆ. ತಕ್ಕಡಿಯ ನ್ಯಾಯದಂತೆ ಅದು ಮೂಕಿಯನ್ನು 18 ಕಿಲೊವಿನಷ್ಟು ಮೇಲಕ್ಕೆ ಎತ್ತುತ್ತದೆ. ಉಳಿದದ್ದು 30, ಒಟ್ಟು ತೂಕವೋ 445 ಆಗಿದೆ. ನೂರಕ್ಕೆ ಏಳೂ ಇಲ್ಲ! ಹೊರಗಿನಿಂದ ನೋಡಿದರೆ ಗಾಡಿ ನಿನ್ನೆಯಂತೆಯೇ ಚೆಂದವಾಗಿ ನಿಂತಿದೆ. ಅದು ಮಾತ್ರ ನಿನ್ನೆಯ ಗಾಡಿಯಲ್ಲ.

ಈ ಆಕಾರದಲ್ಲಿಯೇ ಇರುವ ದೋಷವಿದು. ಸುಂದರವಾದ ಇಳಿಜಾರು ಬೆನ್ನಿನ ಕೆಳಗೆ ಅಡಿಗೆಮನೆ, ಅಡಿಗೆಮನೆಯಲ್ಲಿ ಎಲ್ಲ ಭಾರ. ಪರಿಹಾರವೇನೋ ಸುಲಭವಾಗಿದೆ. ದೀಪಗಳಿಗೆ ಬೇಕಾದ ಬ್ಯಾಟರಿಯನ್ನೂ ಸಾಮಾನಿನ ಪೆಟ್ಟಿಗೆಯೊಂದನ್ನೂ ಮೂಕಿಯ ಮೇಲೆ, ಅಚ್ಚಿನಿಂದ ಏಳಡಿ ಮುಂದೆ ಇಟ್ಟರೆ, ಅವೆರಡೂ ಸೇರಿ 27 ಕಿಲೊ ಇದ್ದರೆ, ಮೂಕಿಗೆ ಸುಮಾರು 19 ಕಿಲೊ ಮರಳಿ ಸಿಕ್ಕುತ್ತದೆ. 472 ಕಿಲೊಗೆ 49. ನೂರಕ್ಕೆ ಹತ್ತನ್ನು ದಾಟಿತು. ಇನ್ನೂ ವಿವೇಕಿಗಳಾದವರು ಗೂಡನ್ನೆಲ್ಲ ಕಟ್ಟಿದ ಮೇಲೆ, ತುಂಬಬೇಕಾದುದನ್ನೆಲ್ಲ ತುಂಬಿ, ಅಡಿಯಲ್ಲಿ ಕಬ್ಬಿಣದ ಕೊಳವೆಯೊಂದನ್ನು ಇಟ್ಟು, ಗಾಡಿ ಎಲ್ಲಿ ಸಮತೂಗುವುದೆಂದು ನೋಡಿಕೊಂಡು, ಅಚ್ಚನ್ನು ಕಡೆಗೆ ಬಿಗಿಯುತ್ತಾರೆ. ಮೂಕಿಯ ಭಾರ ಅಳೆಯಲು ವಿಶೇಷ ಯಂತ್ರ ಬೇಡ. ಮೈತೂಕ ನೋಡುವ ಮನೆಯ ತಕ್ಕಡಿಯ ಮೇಲೆ ಮರದ ದಿಮ್ಮಿಯಿಟ್ಟು, ಗಾಡಿ ಮಟ್ಟವಾಗಿರುವಂತೆ ಮೂಕಿಯನ್ನು ಅದರ ಮೇಲೆ ಇಳಿಸಿದರಾಯಿತು. ತುಂಬಿದ ಗಾಡಿಯನ್ನು ತೂಗಬೇಕು, ಖಾಲಿ ಗಾಡಿಯನ್ನಲ್ಲ. ಇಷ್ಟನ್ನು ಮಾಡದೆ ಬಣ್ಣಕ್ಕೆ ಮೂರು ವಾರ ಕಳೆಯುವವರು ಹಲವರು.

ಕೊಂಡಿಯ ಗುಂಡಿನಲ್ಲಿಯೂ ಒಂದು ಮೋಸವಿದೆ. ಅಮೆರಿಕದಲ್ಲಿ ಚಿಕ್ಕ ಟ್ರೇಲರುಗಳಿಗೆ ಬಳಸುವ ಉಕ್ಕಿನ ಗುಂಡುಗಳಲ್ಲಿ ಒಂದರ ವ್ಯಾಸ ಎರಡು ಅಂಗುಲ, ಇನ್ನೊಂದರದು ಒಂದು ಅಂಗುಲ ಹದಿನಾಲ್ಕಾಣೆಯಷ್ಟು. ಕಣ್ಣಿಗೆ ಎರಡೂ ಒಂದೇ. ದೊಡ್ಡದರ ಬಟ್ಟಲನ್ನು ಚಿಕ್ಕ ಗುಂಡಿನ ಮೇಲೆ ಕೂರಿಸಿದರೆ ಸಲೀಸಾಗಿ ಕೂರುತ್ತದೆ, ಚಿಲಕವೂ ಬೀಳುತ್ತದೆ. ದೊಡ್ಡ ಹಳ್ಳವೊಂದರಲ್ಲಿ ಗಾಡಿ ಕುಪ್ಪಳಿಸಿದೊಡನೆ ಕಳಚುತ್ತದೆ. ಆದುದರಿಂದಲೇ ಎರಡು ಸರಪಣಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಾರಿಗೆ ಬಿಗಿಯುವುದು. ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಕುತ್ತದೆ ಆ ತೊಟ್ಟಿಲಲ್ಲಿ ಕೂತುಕೊಳ್ಳುತ್ತದೆ.

ರಸ್ತೆಯ ಗಂಡಾಂತರ ಹೀಗೆ ಕ್ಷಣದಲ್ಲಿ ಬಂದೆರಗಿದರೆ, ಇನ್ನೊಂದು ಶತ್ರು ವರುಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದು ನೀರು. ಪ್ಲೈವುಡ್ಡಿನ ಮುಖ ನೀರನ್ನು ಸ್ವಲ್ಪವಾದರೂ ತಡೆದೀತು. ಅಂಚು ಮಾತ್ರ ಬಾಯಾರಿದ ಎತ್ತಿನಂತೆ ಹೀರುತ್ತದೆ. ನೀರಿಗೆ ಹೆದರದ ಹಲಗೆ ಎಂದು ಅಂಗಡಿಯವನು ಹೇಳುವ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮ ದೇಶದಲ್ಲಿ ಐ.ಎಸ್. 710 ಗುರುತಿನ ಹಡಗು ದರ್ಜೆಯ ಹಲಗೆಯ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಅದು ಅಂಟಿನ ಪರೀಕ್ಷೆ: ಪದರಗಳು ಬಿಟ್ಟುಕೊಳ್ಳಲಿಲ್ಲವೆಂಬುದಕ್ಕೆ ಪ್ರಮಾಣ. ಅಂಟು ಗಟ್ಟಿಯಾಗಿಯೇ ಉಳಿದು, ತೇವದಲ್ಲಿ ಬಹುಕಾಲ ನಿಂತ ಪದರಗಳು ಬೂಸ್ಟು ಹಿಡಿದು ಮೆತ್ತಗಾಗಲು ಅಡ್ಡಿಯೇನಿಲ್ಲ. ಅದಕ್ಕಾಗಿ ಅನುಭವಿಗಳು ಹಲಗೆಯ ಅಂಚುಗಳಿಗೂ, ಕಿಟಕಿಗೆ ಕೊಯ್ದ ಕಂಡಿಯ ತುಟಿಗಳಿಗೂ, ಒಂದೊಂದು ತಿರುಪಿನ ತೂತಿಗೂ ಎಪಾಕ್ಸಿ ಕುಡಿಸುತ್ತಾರೆ. ನೆಲದ ಅಡಿಮೈಗೆ ಡಾಂಬರಿನ ಲೇಪ ಹಾಕುತ್ತಾರೆ, ಏಕೆಂದರೆ ಮಳೆ ಮೇಲಿನಿಂದ ಬಿದ್ದರೆ ಗಾಲಿಗಳು ಅದನ್ನು ಕೆಳಗಿನಿಂದ ಎರಚುತ್ತವೆ. ತಗಡಿನ ಅಂಚುಪಟ್ಟಿಯ ಕೆಳಗೆ ಮೆತ್ತನೆಯ ಬ್ಯುಟೈಲ್ ಅಂಟುಪಟ್ಟಿ ಇಡುವುದು ವಾಡಿಕೆ. ಸುಲಭವೆಂದು ಸಿಲಿಕೋನ್ ಮೆತ್ತಿದವರು ಆಮೇಲೆ ಪಶ್ಚಾತ್ತಾಪ ಪಡುವುದೇ ಹೆಚ್ಚು. ಅದು ಬಿಟ್ಟ ಜಾಗದಲ್ಲಿ ಬಣ್ಣವೂ ಹಿಡಿಯದು, ಬೇರೆ ಅಂಟೂ ಹಿಡಿಯದು. ಮರದ ಸೊಬಗು ಕಾಣಲೆಂದು ಬರಿಯ ಎಪಾಕ್ಸಿ ಬಳಿದು ಬಿಟ್ಟರೆ ಬಿಸಿಲು ಅದನ್ನು ಹಳದಿಯಾಗಿಸಿ ಪುಡಿಯಾಗಿಸುತ್ತದೆ. ಮೇಲೆ ಬಿಸಿಲು ತಡೆಯುವ ವಾರ್ನಿಷ್ ಬೇಕು. ಕೆಲವು ವರುಷಗಳಿಗೊಮ್ಮೆ ಉಪ್ಪುಕಾಗದದಿಂದ ಉಜ್ಜಿ ಹೊಸದಾಗಿ ಬಳಿಯಲೂ ಬೇಕು. ಸುಂದರವಾದ ಮರದ ಗಾಡಿಯ ಯಜಮಾನ ಗಾಡಿಯ ಸೇವಕನೂ ಹೌದು.

ಇಡೀ ಕೆಲಸದಲ್ಲಿ ಕಟ್ಟುವವರನ್ನು ಅಳಿಸುವ ಭಾಗವೊಂದಿದ್ದರೆ ಅದು ಹಿಂಬಾಗಿಲು. ಬಾಗಿದ ಪಕ್ಕೆಗಳನ್ನು ಗೂಡಿನ ಮೇಲೆಯೇ ಇಟ್ಟು, ಹೊದಿಕೆ ಅಂಟಿಸಿ, ಒಣಗಿದ ಮೇಲೆ ಬಿಗಿತ ಬಿಚ್ಚಿದರೆ, ಬಗ್ಗಿದ್ದ ಮರ ತನ್ನ ಹಳೆಯ ನೇರತನವನ್ನು ನೆನೆದುಕೊಂಡು ಒಂದಿಷ್ಟು ಹಿಂದಕ್ಕೆ ನೆಟ್ಟಗಾಗುತ್ತದೆ. ಕೆಳತುದಿಯಲ್ಲಿ ಒಂದಂಗುಲ ಬಿರುಕು! ಅದರಲ್ಲಿ ಮಳೆ, ಧೂಳು, ಇರುವೆ ಎಲ್ಲಕ್ಕೂ ಹೆದ್ದಾರಿ. ಈ ಸ್ವಭಾವ ಬಲ್ಲವರು ಪಕ್ಕೆಗಳನ್ನು ದಪ್ಪ ಹಲಗೆಯಿಂದಲೇ ಬಾಗಿದ ಆಕಾರಕ್ಕೆ ಕೊಯ್ಯುತ್ತಾರೆ, ಇಲ್ಲವೆ ಬೇಕಾದುದಕ್ಕಿಂತ ಕೊಂಚ ಹೆಚ್ಚಾಗಿಯೇ ಬಗ್ಗಿಸಿ ಕಟ್ಟುತ್ತಾರೆ. ಬಾಗಿಲಿನ ಮೇಲ್ತುದಿಗೆ ಸಾಮಾನ್ಯ ಬಿಜಾಗರಿ ಹಾಕಿದರೆ ಅದರ ಸಂದಿನಲ್ಲಿಯೇ ನೀರಿಳಿಯುವುದು. ಒಂದರೊಳಗೊಂದು ಸುರುಳಿಯಾಗಿ ಕೂರುವ ಉದ್ದನೆಯ ಅಲ್ಯೂಮಿನಿಯಂ ಬಿಜಾಗರಿಯೊಂದನ್ನು ಇದಕ್ಕೆಂದೇ ಮಾರುತ್ತಾರೆ.

ನೀರು ಹೊರಗಿನಿಂದ ಮಾತ್ರ ಬರುವುದಿಲ್ಲ. ಮಂಚದಷ್ಟೇ ಅಗಲವಾದ ಮುಚ್ಚಿದ ಪೆಟ್ಟಿಗೆಯಲ್ಲಿ ಇಬ್ಬರು ರಾತ್ರಿಯೆಲ್ಲ ಉಸಿರಾಡಿದರೆ ಬೆಳಗಿನ ಹೊತ್ತಿಗೆ ಗೋಡೆಗಳು ಬೆವರುತ್ತವೆ. ಚಳಿಯೆಂದು ಎಲ್ಲ ಕಂಡಿಗಳನ್ನೂ ಮುಚ್ಚುವುದು ತಪ್ಪು. ಚಾವಣಿಯಲ್ಲೊಂದು ಗಾಳಿಕಂಡಿ, ಎದುರುಬದುರು ಕಿಟಕಿಗಳಲ್ಲಿ ಒಂದೊಂದು ಅಂಗುಲ ಸಂದು ಬೇಕೇ ಬೇಕು. ಚಳಿ ಕಾಯಿಸಲು ಒಲೆಯನ್ನೋ ಕೆಂಡವನ್ನೋ ಒಳಗೆ ತಂದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಹಿಂದಿನವರು ಅಡಿಗೆಮನೆಯನ್ನು ಹೊರಗಿಟ್ಟದ್ದು ಜಾಗ ಸಾಲದೆ ಇರಬಹುದು; ಫಲ ಮಾತ್ರ ಒಳ್ಳೆಯದೇ ಆಯಿತು.

ಶುರುಮಾಡಿದವರೆಲ್ಲರೂ ಮುಗಿಸುತ್ತಾರೆಂದು ತಿಳಿಯಬಾರದು. ಗೋಡೆ ಕೊಯ್ಯುವ ಉತ್ಸಾಹ ಹಿಂಬಾಗಿಲಿನ ಹತ್ತಿರ ಸೋಲುತ್ತದೆ; ಅರ್ಧ ಹೊದಿಸಿದ ಗೂಡಿನ ಮೇಲೆ ಸೈಕಲ್ಲು, ಹಳೆಯ ಕುರ್ಚಿಗಳು ಏರಿ ಕುಳಿತುಕೊಳ್ಳುತ್ತವೆ. ಮನೆಯಾಕೆ ಅದನ್ನು ತೋರಿಸಿ ಏನೂ ಹೇಳದೆ ಇರುವುದೇ ಗಂಡನಿಗೆ ಕಷ್ಟ.

ಮುಗಿಸಿದವರ ಮೊದಲ ಪ್ರಯಾಣವಾದರೋ ಮನೆಯ ಅಂಗಳವನ್ನು ದಾಟುವುದಿಲ್ಲ, ದಾಟಬಾರದು. ಸಂಜೆ ಒಬ್ಬರು ರಬ್ಬರು ಕೊಳವೆಯಿಂದ ಚಾವಣಿಯ ಮೇಲೂ ಸಂದುಗಳ ಮೇಲೂ ಬಹಳ ಹೊತ್ತು ನೀರು ಬಿಡುತ್ತಾರೆ. ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ಕುಳಿತು, ಹನಿ ಕಂಡಲ್ಲೆಲ್ಲ ಸೀಸದಕಡ್ಡಿಯಿಂದ ಗುರುತು ಹಾಕುತ್ತಾರೆ. ಸೋರದಿದ್ದರೆ ಅಂದಿನ ರಾತ್ರಿ ಇಬ್ಬರೂ ಅಲ್ಲಿಯೇ ಮಲಗುತ್ತಾರೆ. ಮಾರನೆಯ ದಿನ ತುಂಬಿದ ಗಾಡಿಯನ್ನು ಇನ್ನೊಮ್ಮೆ ತೂಗಿ, ದೀಪಗಳನ್ನು ನೋಡಿ, ಸರಪಣಿ ಬಿಗಿದು, ನಿಧಾನವಾಗಿ ಹೊರಡುತ್ತಾರೆ. ಹತ್ತು ಮೈಲಿ ಹೋದ ಮೇಲೆ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ಬಿಗಿದು ನೋಡಬೇಕು. ಇಪ್ಪತ್ತೈದು ಮೈಲಿಗೆ ಮತ್ತೊಮ್ಮೆ, ಐವತ್ತಕ್ಕೆ ಇನ್ನೊಮ್ಮೆ. ಹೊಸ ಗಾಲಿಗಳು ಕೂತುಕೊಳ್ಳುವಾಗ ನಟ್ಟು ಸಡಿಲವಾಗುವುದು ಸಹಜ. ಮೂರನೆಯ ಸಲ ಇಳಿದಾಗ ದಾರಿಹೋಕರು ಯಾರಾದರೂ ಕಾರು ನಿಲ್ಲಿಸಿ ಇದನ್ನು ಎಲ್ಲಿ ಕೊಂಡಿರಿ ಎಂದು ಕೇಳಿಯೇ ಕೇಳುತ್ತಾರೆ.